ರಕ್ತದ ಗುಂಪು ತಿಳಿಯೋಣ



ಹೆರಿಗೆ ಹೊತ್ತಿನಲ್ಲಿ ಕೆಲವು ತಾಯಂದಿರಿಗೆ ರಕ್ತ ಬಹಳ ಹೋಗುತ್ತದೆ. ಆಗ ಬೇರೆಯವರ ರಕ್ತ ಏರಿಸಬೇಕಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಇಂಥವರನ್ನು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದುಂಟು. "ನನ್ನ ರಕ್ತ ತಗೊಳ್ಳಿ, ಬೇಗ ಕೊಡಿ" ಅಂತಾರೆ ಮನೆಯವರು. "ತಡೀರಿ, ಮೊದಲು ಪರೀಕ್ಷೆ ಆಗಲಿ" ಅಂತಾರೆ ಡಾಕ್ಟರು. ಈ ಪರೀಕ್ಷೆ ಏನು? ಯಾಕೆ ಬೇಕು? ಓದೋಣ.

ಗುಂಪುಗಳು

ಎಲ್ಲರ ರಕ್ತವೂ ಕೆಂಪು. ಆದರೆ ಎಲ್ಲರದೂ ಒಂದೇ ಗುಂಪಲ್ಲ. ಇದನ್ನು 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಎ, ಬಿ, ಎಬಿ, ಓ ಎಂದು ನಾಲ್ಕು ಗುಂಪು. ಒಂದೊಂದರಲ್ಲೂ ಪಾಸಿಟಿವ್, ನೆಗೆಟಿವ್ ಎಂದು ಎರಡು ಬಗೆ. ಒಟ್ಟು ಎಂಟಾಯಿತು.

ಎಲ್ಲ ಜಾತಿಯವರಲ್ಲೂ ಎಲ್ಲ ಗುಂಪಿನವರು ಇರುತ್ತಾರೆ. ಒಡಹುಟ್ಟಿದವರ ಗುಂಪು ಕೂಡ ಬೇರೆ ಬೇರೆ ಇರಬಹುದು.

ಗುಂಪು ಹೇಗೆ ನೋಡ್ತಾರೆ?

ರಕ್ತದ ಹನಿಗಳಿಗೆ ಬೇರೆ ಬೇರೆ ಔಷಧಿ ಬೆರೆಸ್ತಾರೆ. ಹುಳಿ ಹಿಂಡಿದ ಹಾಲು ಒಡೆಯುತ್ತದಲ್ಲ? ಹಾಗೇ ರಕ್ತ ಗಂಟುಗಂಟಾಗುತ್ತದೆ. ಎ ಔಷಧಿಗೆ ಗಂಟಾದರೆ ಎ ಗುಂಪು. ಬಿ ಔಷಧಿಗೆ ಗಂಟಾದರೆ ಬಿ ಗುಂಪು. ಎರಡಕ್ಕೂ ಗಂಟಾದರೆ ಎಬಿ. ಎರಡಕ್ಕೂ ಆಗದಿದ್ದರೆ ಓ. ಪಾಸಿಟಿವ್, ನೆಗೆಟಿವ್ ನೋಡಲು ಇನ್ನೊಂದು ಔಷಧಿ ಇದೆ.

ಹೊಂದಾಣಿಕೆ ಪರೀಕ್ಷೆ

ಗುಂಪು ಒಂದೇ ಆದರೆ ಸಾಲದು. ಕೊಡುವವರ ರಕ್ತವನ್ನು ರೋಗಿಯ ರಕ್ತದ ತಿಳಿಯ ಜೊತೆ ಬೆರೆಸಿ ನೋಡ್ತಾರೆ. ಇದಕ್ಕೆ 'ಕ್ರಾಸ್ ಮ್ಯಾಚ್' ಅಂತಾರೆ. ಗಂಟಾಗದಿದ್ದರೆ ಆ ರಕ್ತ ಹೊಂದುತ್ತದೆ.

1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ಭೇಂಡೆ ಮತ್ತು ಸಂಗಡಿಗರು ಒಂದು ಅಪರೂಪದ ಗುಂಪು ಕಂಡರು. ಅದಕ್ಕೆ 'ಬಾಂಬೆ ಗುಂಪು' ಎಂದೇ ಹೆಸರಾಯಿತು. ಮೊದಲ ಪರೀಕ್ಷೆಯಲ್ಲಿ ಅದು ಓ ಎಂದೇ ಕಾಣುತ್ತದೆ. ಆದರೆ ಅವರಿಗೆ ಓ ರಕ್ತವೂ ಹೊಂದುವುದಿಲ್ಲ. ಹೊಂದಾಣಿಕೆ ಪರೀಕ್ಷೆ ಮಾಡಿದರೆ ಗುಟ್ಟು ಹೊರಬೀಳುತ್ತದೆ.

ಹೊಂದದ ರಕ್ತ ಏರಿಸಿದರೆ ಮೈಯೊಳಗೆ ರಕ್ತಕಣ ಒಡೆಯುತ್ತವೆ. ಮೂತ್ರಪಿಂಡ ಕೆಡಬಹುದು. ಜೀವವೇ ಹೋಗಬಹುದು. ಅದಕ್ಕೇ ಪರೀಕ್ಷೆಗೆ ಹೊತ್ತು ಹಿಡಿದರೆ ನಾವು ಗಲಾಟೆ ಮಾಡಬಾರದು.

ನಾವು ಏನು ಮಾಡಬೇಕು?

• ಬಸುರಿಯಾದ ಕೂಡಲೇ ರಕ್ತದ ಗುಂಪು ಪರೀಕ್ಷೆ ಮಾಡಿಸೋಣ. ತಾಯಿ ಕಾರ್ಡಿನಲ್ಲಿ ಬರೆಸೋಣ. ಬರೆದದ್ದನ್ನು ನಾವೇ ಓದೋಣ.

• ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ 'ಆಂಟಿ-ಡಿ' ಚುಚ್ಚುಮದ್ದು ಹಾಕಿಸಬೇಕು. ಇದು ಮುಂದಿನ ಮಗುವನ್ನು ಕಾಯುತ್ತದೆ.

• ಒಂದೇ ವಾರ್ಡಿನಲ್ಲಿ ಇಬ್ಬರು ಗೌರಮ್ಮ ಇರಬಹುದು! ಪರೀಕ್ಷೆಗೆ ರಕ್ತ ತೆಗೆದಾಗ ಸೀಸೆಯ ಮೇಲೆ ಹೆಸರು, ಆಸ್ಪತ್ರೆ ನಂಬರು ಅಲ್ಲೇ ಬರೆಸೋಣ.

• ರಕ್ತದ ಚೀಲ ತಂದಾಗ ಹೆಸರು, ನಂಬರು, ಗುಂಪು, ತಾರೀಖು ಓದೋಣ. ತಪ್ಪು ಕಂಡರೆ "ಸಿಸ್ಟರ್, ಇನ್ನೊಮ್ಮೆ ನೋಡಿ" ಎನ್ನೋಣ. ಕೇಳೋಕೆ ನಾಚಿಕೆ ಬೇಡ.

• ರಕ್ತ ಏರುವಾಗ ಚಳಿ, ಜ್ವರ, ಸೊಂಟನೋವು, ಉಬ್ಬಸ, ತುರಿಕೆ ಬಂದರೆ ಆ ಕ್ಷಣವೇ ಸಿಸ್ಟರನ್ನು ಕೂಗೋಣ.

ನಾವು ಕಲಿತ ನಾಲ್ಕು ಅಕ್ಷರ ಒಂದು ಜೀವ ಉಳಿಸಬಹುದು.

ಉತ್ತರ ಬರೆಯಿರಿ

1. ರಕ್ತದ ನಾಲ್ಕು ಗುಂಪು ಯಾವುವು?
2. ಗುಂಪು ಒಂದೇ ಇದ್ದರೂ ಹೊಂದಾಣಿಕೆ ಪರೀಕ್ಷೆ ಯಾಕೆ ಬೇಕು?
3. ರಕ್ತದ ಚೀಲದ ಮೇಲೆ ಏನೇನು ಓದಬೇಕು?
4. ಬಿಟ್ಟ ಜಾಗ ತುಂಬಿರಿ: ನನ್ನ ಹೆಸರು ........ ನನ್ನ ರಕ್ತದ ಗುಂಪು ........