ಹಡಗಿಗೆ ಎಂಟು ಕಿಲೋಮೀಟರ್ ಉದ್ದದ ಬಾಲ ಯಾಕೆ?



‘ಶಬ್ದ’ ಪಾಠ ಬಂದಾಗ ನಾವೆಲ್ಲ ಒಂದೇ ಥರದ ಲೆಕ್ಕ ಕೊಡುತ್ತೇವೆ. ಹಡಗಿನಿಂದ ಶಬ್ದ ಕಳಿಸಿದರು, ಇಷ್ಟು ಸೆಕೆಂಡಿಗೆ ಪ್ರತಿಧ್ವನಿ ಬಂತು, ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ 1500 ಮೀಟರ್, ಸಮುದ್ರದ ಆಳ ಎಷ್ಟು? ಮೊಗುಡಂಪಲ್ಲಿ ಕಡೆಯ ನಮ್ಮ ಮಕ್ಕಳಲ್ಲಿ ಸಮುದ್ರ ನೋಡಿದವರು ಕಡಿಮೆ. ಆದರೂ ವೇಗವನ್ನು ಕಾಲದಿಂದ ಗುಣಿಸಿ, ಎರಡರಿಂದ ಭಾಗಿಸಿ ಉತ್ತರ ಬರೆದುಬಿಡುತ್ತಾರೆ.

ಹೋದ ವರ್ಷ ನಾನು ಈ ಲೆಕ್ಕವನ್ನು ಸ್ವಲ್ಪ ಮುಂದಕ್ಕೆ ಎಳೆದೆ. ಸಮುದ್ರದ ತಳದಿಂದ 0.1 ಸೆಕೆಂಡಿಗೆ ಒಂದು ಪ್ರತಿಧ್ವನಿ ಬಂತು. ತಳದ ಕೆಳಗಿರುವ ಕಲ್ಲಿನ ಪದರದಿಂದ 1.3 ಸೆಕೆಂಡಿಗೆ ಇನ್ನೊಂದು ಬಂತು. ಪದರ ಎಷ್ಟು ಆಳದಲ್ಲಿದೆ? ಬೋರ್ಡಿನ ಮೇಲೆ ನಾನೇ 1500ನ್ನು 1.3ರಿಂದ ಗುಣಿಸಿ, ಅರ್ಧ ಮಾಡಿ, 975 ಮೀಟರ್ ಎಂದು ಬರೆದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. “ಸರ್, ಕಲ್ಲಿನಾಗೂ ಅಷ್ಟೇ ಸ್ಪೀಡ್ ಇರ್ತದೇನ್ರಿ?”

ಘನವಸ್ತುಗಳಲ್ಲಿ ಶಬ್ದದ ವೇಗ ಹೆಚ್ಚು ಎಂದು ಹಿಂದಿನ ವಾರ ನಾನೇ ಹೇಳಿಕೊಟ್ಟಿದ್ದೆ. ಸಿಲೆಬಸ್ ಮುಗಿಸುವ ಅವಸರದಲ್ಲಿ “ಸದ್ಯ ಅಷ್ಟೇ ಹಿಡಿ” ಅಂದೆ. ಹುಡುಗ ಕೂತ. ಆದರೆ ಬೆಲ್ ಆದ ಮೇಲೆ ಬಂದು ಮತ್ತೆ ಕೇಳಿದ: “ಆಳ ತಪ್ಪಿದ್ರ ಬೋರ್ ಫೇಲ್ ಆಗ್ತದಲ್ರಿ ಸರ್?” ಅವರ ಹೊಲದಲ್ಲಿ ಆ ಬೇಸಿಗೆಯಲ್ಲಿ ಬೋರ್ ಫೇಲ್ ಆಗಿತ್ತು. ಅವನಿಗೆ ನಾನು ಅವತ್ತೇ ಕೊಡಬೇಕಿದ್ದ ಉತ್ತರ ಈ ಲೇಖನ.

ಕಲ್ಲಿನ ಪದರದಲ್ಲಿ ಸರಾಸರಿ ವೇಗ ಸೆಕೆಂಡಿಗೆ 2200 ಮೀಟರ್ ಎಂದು ಇಟ್ಟುಕೊಳ್ಳಿ. ಆಗ ನೀರಿನ ಆಳ 75 ಮೀಟರ್. ಉಳಿದ 1.2 ಸೆಕೆಂಡಿನಲ್ಲಿ ಅರ್ಧ 0.6; ಅದನ್ನು 2200ರಿಂದ ಗುಣಿಸಿದರೆ 1320 ಮೀಟರ್. ಒಟ್ಟು 1395 ಮೀಟರ್. ನನ್ನ ಉತ್ತರಕ್ಕೂ ಇದಕ್ಕೂ 420 ಮೀಟರ್ ವ್ಯತ್ಯಾಸ! ಹಾಗಾದರೆ ಆ 2200 ಎಲ್ಲಿಂದ ಬಂತು? ಪ್ರತಿಧ್ವನಿ ನಮಗೆ ಕೊಡುವುದು ಕಾಲ ಮಾತ್ರ. ಆಳವೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ಒಂದು ಸಮೀಕರಣ, ಎರಡು ಅಜ್ಞಾತಗಳು. ಸಮುದ್ರದಲ್ಲಿ ತೈಲ ಹುಡುಕುವ ಉಪಕರಣಗಳ ಮುಖ್ಯ ಜಾಣತನ ಇರುವುದು ಈ ಗಂಟು ಬಿಡಿಸುವುದರಲ್ಲಿ.

ಹಿಂದಿನ ಕಥೆ

1912ರಲ್ಲಿ ಟೈಟಾನಿಕ್ ಮುಳುಗಿತು. ಎರಡು ವರ್ಷದ ನಂತರ, 1914ರಲ್ಲಿ, ರೆಜಿನಾಲ್ಡ್ ಫೆಸೆಂಡನ್ ಎಂಬ ವಿಜ್ಞಾನಿ ನೀರೊಳಗೆ ಶಬ್ದ ಕಳಿಸಿ ಮಂಜುಗಡ್ಡೆಯಿಂದ ಪ್ರತಿಧ್ವನಿ ಪಡೆದರು. ಅದೇ ಪ್ರಯೋಗದಲ್ಲಿ ಸಮುದ್ರದ ತಳದಿಂದಲೂ ಪ್ರತಿಧ್ವನಿ ಬಂತು. 1921ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಜಾನ್ ಕಾರ್ಚರ್ ಮತ್ತು ಸಂಗಡಿಗರು ನೆಲದಲ್ಲಿ ಸಿಡಿಮದ್ದು ಸಿಡಿಸಿ, ಒಳಗಿನ ಪದರಗಳಿಂದ ಪ್ರತಿಫಲಿಸಿ ಬಂದ ತರಂಗಗಳನ್ನು ದಾಖಲಿಸಿದರು. 1935ರಲ್ಲಿ ಮಾರಿಸ್ ಯೂಯಿಂಗ್ ಇಂಥ ಅಳತೆಯನ್ನು ಸಮುದ್ರಕ್ಕೆ ಒಯ್ದರು. ಆಗ ಸಮುದ್ರದಲ್ಲೂ ಸಿಡಿಮದ್ದೇ ಗತಿ. ಮೀನುಗಳು ಸಾಯುತ್ತಿದ್ದವು, ಹಡಗಿನವರ ಜೀವಕ್ಕೂ ಅಪಾಯವಿತ್ತು. ಮೇಲಾಗಿ ಒಂದು ಸಿಡಿತದಂತೆ ಇನ್ನೊಂದು ಇರುತ್ತಿರಲಿಲ್ಲ.

ಬಾಯಿ: ಏರ್‌ಗನ್

ಸಿಡಿಮದ್ದಿನ ಜಾಗಕ್ಕೆ ಬಂದದ್ದು ಸ್ಟೀಫನ್ ಚೆಲ್ಮಿನ್ಸ್ಕಿ ಕಂಡುಹಿಡಿದ ಏರ್‌ಗನ್. ಇದು 1960ರ ದಶಕದಿಂದ ಬಳಕೆಗೆ ಬಂತು. ಇದರಲ್ಲಿ ಗುಂಡೂ ಇಲ್ಲ, ಮದ್ದೂ ಇಲ್ಲ. ಗಟ್ಟಿ ಲೋಹದ ಕೋಣೆಯಲ್ಲಿ ಕಂಪ್ರೆಸರಿನಿಂದ ಗಾಳಿಯನ್ನು ಒತ್ತಿ ತುಂಬುತ್ತಾರೆ. ಬೋರ್ ಗಾಡಿಯ ಹಿಂದಿರುವ ಕಂಪ್ರೆಸರನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ, ಅಲ್ಲಿಂದಲೇ ಶುರು ಮಾಡಿ. ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು 30 ಪಿಎಸ್‌ಐ. ಏರ್‌ಗನ್ನಿನಲ್ಲಿ ಸಾಮಾನ್ಯವಾಗಿ 2000 ಪಿಎಸ್‌ಐ. ಕೋಣೆಯ ಬಾಗಿಲು ಕೆಲವೇ ಮಿಲಿಸೆಕೆಂಡುಗಳಲ್ಲಿ ತೆರೆದುಕೊಂಡಾಗ ಗಾಳಿ ನೀರಿಗೆ ನುಗ್ಗಿ ಗುಳ್ಳೆಯಾಗುತ್ತದೆ, ಒತ್ತಡದ ತರಂಗ ಹೊರಡುತ್ತದೆ. ಬೇರೆ ಬೇರೆ ಗಾತ್ರದ ಹಲವು ಗನ್‌ಗಳನ್ನು ಒಟ್ಟಿಗೆ ಸಿಡಿಸುತ್ತಾರೆ. ಪ್ರತಿ ಸಲವೂ ಒಂದೇ ಥರದ ಶಬ್ದ ಬರುವುದರಿಂದ ಒಂದು ದಾಖಲೆಯನ್ನು ಇನ್ನೊಂದರ ಜೊತೆ ಹೋಲಿಸಬಹುದು.

ಕಿವಿ: ಹೈಡ್ರೋಫೋನ್

ಒತ್ತಿದರೆ ಕಿಡಿ ಹಾರುವ ಗ್ಯಾಸ್ ಲೈಟರ್ ಒಳಗೆ ಒಂದು ಪೀಜೋ ಹರಳು ಇರುತ್ತದೆ. ಅದರ ಮೇಲೆ ಒತ್ತಡ ಬಿದ್ದರೆ ವಿದ್ಯುತ್ ವಿಭವ ಹುಟ್ಟುತ್ತದೆ. 1880ರಲ್ಲಿ ಜಾಕ್ ಮತ್ತು ಪಿಯರ್ ಕ್ಯೂರಿ ಸಹೋದರರು ಕಂಡ ಗುಣ ಇದು. ಹೈಡ್ರೋಫೋನಿನಲ್ಲಿ ಕೆಲಸ ಮಾಡುವುದೂ ಇದೇ ತತ್ವ. ಹಿಂದಿರುಗಿದ ತರಂಗ ನೀರಿನ ಒತ್ತಡವನ್ನು ಅತಿ ಕಡಿಮೆ ಬದಲಿಸಿದರೂ ಹರಳು ಅದನ್ನು ವಿದ್ಯುತ್ ಸಂಕೇತವಾಗಿ ಮಾಡುತ್ತದೆ. ಲೈಟರನ್ನು ತರಗತಿಗೆ ಒಯ್ದರೆ ಈ ಭಾಗ ಐದು ನಿಮಿಷದ ಕೆಲಸ.

ಬಾಲ: ಸ್ಟ್ರೀಮರ್

ಸಾವಿರಾರು ಹೈಡ್ರೋಫೋನುಗಳನ್ನು ಒಂದು ಕೊಳವೆಯಂಥ ಕೇಬಲ್ಲಿನಲ್ಲಿ ಪೋಣಿಸಿ ಹಡಗಿನ ಹಿಂದೆ ಎಳೆಯುತ್ತಾರೆ. ಇದೇ ಸ್ಟ್ರೀಮರ್. ಉದ್ದ 6ರಿಂದ 8 ಕಿಲೋಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚು. ಅಂದರೆ ಕೇಬಲ್ಲಿನ ಒಂದು ತುದಿ ನಮ್ಮ ಶಾಲೆಯಲ್ಲಿದ್ದರೆ ಇನ್ನೊಂದು ತುದಿ ಊರು ದಾಟಿ ಎಷ್ಟೋ ದೂರ ಹೋಗುತ್ತದೆ. ಅದು ತೇಲಲೂಬಾರದು, ಮುಳುಗಲೂಬಾರದು. ಅದಕ್ಕೆ ಒಳಗೆ ಎಣ್ಣೆ ಅಥವಾ ಜೆಲ್ ತುಂಬಿ ಅದರ ಸಾಂದ್ರತೆಯನ್ನು ನೀರಿನಷ್ಟಕ್ಕೆ ತರುತ್ತಾರೆ. ಆರ್ಕಿಮಿಡಿಸ್ ತತ್ವಕ್ಕೆ ಒಳ್ಳೆಯ ಉದಾಹರಣೆ ಇದು. ‘ಬರ್ಡ್’ ಎಂಬ ರೆಕ್ಕೆಯ ಸಾಧನಗಳು ಕೇಬಲ್ಲನ್ನು ಒಂದೇ ಆಳದಲ್ಲಿ ಹಿಡಿಯುತ್ತವೆ. ತುದಿಯ ತೇಲು ಬುರುಡೆಯಲ್ಲಿ ಜಿಪಿಎಸ್ ಇರುತ್ತದೆ. ದೊಡ್ಡ ಹಡಗುಗಳು ಇಂಥ ಹತ್ತು, ಹನ್ನೆರಡು ಕೇಬಲ್ಲುಗಳನ್ನು ಒಟ್ಟಿಗೆ ಎಳೆಯುತ್ತವೆ. ಹಡಗಿನ ವೇಗ ಗಂಟೆಗೆ ಸುಮಾರು 9 ಕಿಲೋಮೀಟರ್, ಅಂದರೆ ನಿಧಾನವಾದ ಸೈಕಲ್ಲಿನಷ್ಟು. ಸೆಕೆಂಡಿಗೆ 2.5 ಮೀಟರ್ ಆಯಿತು. 25 ಮೀಟರಿಗೊಮ್ಮೆ ಸಿಡಿಸಿದರೆ ಹತ್ತು ಸೆಕೆಂಡಿಗೊಂದು ಸಿಡಿತ.

ಹುಡುಗನ ಪ್ರಶ್ನೆಗೆ ಉತ್ತರ

ಈಗ ಗಂಟಿಗೆ ಬರೋಣ. ಗನ್ನಿನ ಪಕ್ಕದಲ್ಲೇ ಇರುವ ಕಿವಿಗೆ ಒಂದು ಪದರದ ಪ್ರತಿಧ್ವನಿ 2 ಸೆಕೆಂಡಿಗೆ ಬಂತು. 3 ಕಿಲೋಮೀಟರ್ ದೂರದ ಕಿವಿಗೆ ಅದೇ ಪದರದ ಪ್ರತಿಧ್ವನಿ 2.5 ಸೆಕೆಂಡಿಗೆ ಬಂತು. ಎರಡನೇ ದಾರಿ ಓರೆಯಾದದ್ದರಿಂದ ಉದ್ದ ಹೆಚ್ಚು. ನೇರವಾಗಿ ಕೆಳಗೆ ಹೋಗಿ ಬರುವ ದೂರ, ಕಿವಿಯ ದೂರ, ಓರೆ ದಾರಿಯ ಒಟ್ಟು ದೂರ, ಈ ಮೂರೂ ಲಂಬಕೋನ ತ್ರಿಭುಜದ ಬಾಹುಗಳು. ಪಿಥಾಗೊರಸ್ ಪ್ರಮೇಯ ಹಾಕಿ:

ಕಾಲಗಳ ವರ್ಗಗಳ ವ್ಯತ್ಯಾಸ = 6.25 – 4 = 2.25
ಕಿವಿಯ ದೂರದ ವರ್ಗ = 9
ವೇಗದ ವರ್ಗ = 9 ÷ 2.25 = 4
ವೇಗ = ಸೆಕೆಂಡಿಗೆ 2 ಕಿಲೋಮೀಟರ್
ಆಳ = 2 × 2 ÷ 2 = 2 ಕಿಲೋಮೀಟರ್

ಒಂದು ಕಿವಿ ಇದ್ದಾಗ ಬಿಡಿಸಲಾಗದ ಲೆಕ್ಕ ಎರಡನೇ ಕಿವಿಯಿಂದ ಬಿಡಿಸಿತು. ಹಡಗಿಗೆ ಉದ್ದದ ಬಾಲ ಬೇಕಾದದ್ದು ಇದಕ್ಕೇ. ನಿಜವಾದ ಪದರಗಳು ಓರೆಯಾಗಿರುತ್ತವೆ, ಒಂದೊಂದರ ವೇಗವೂ ಬೇರೆ. ಆದ್ದರಿಂದ ಎರಡಲ್ಲ, ನೂರಾರು ಕಿವಿಗಳು. 1950ರ ದಶಕದಲ್ಲಿ ಹ್ಯಾರಿ ಮೇನ್ ಇನ್ನೊಂದು ಉಪಾಯ ಕೊಟ್ಟರು. ನೆಲದೊಳಗಿನ ಒಂದೇ ಬಿಂದುವನ್ನು ಬೇರೆ ಬೇರೆ ಜೋಡಿಗಳಿಂದ ಮತ್ತೆ ಮತ್ತೆ ಕೇಳಿ, ಕಾಲ ಸರಿಹೊಂದಿಸಿ ಕೂಡಿಸುವುದು. ಆಗ ಗದ್ದಲ ಕುಗ್ಗಿ ನಿಜವಾದ ಪ್ರತಿಧ್ವನಿ ಎದ್ದು ಕಾಣುತ್ತದೆ.

ನಮ್ಮ ದೇಶದಲ್ಲಿ, ನಮ್ಮ ಕಾಲ ಕೆಳಗೆ

1960ರ ದಶಕದ ನಡುವೆ ಸೋವಿಯೆತ್ ಹಡಗು ‘ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ’ಯಲ್ಲಿ ಭಾರತ ಮತ್ತು ಸೋವಿಯೆತ್ ತಂಡ ಖಂಭಾತ್ ಕೊಲ್ಲಿಯ ಕಡೆ ಇಂಥ ಸಮೀಕ್ಷೆ ಮಾಡಿತು. ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಸಮುದ್ರದ ತಳದ ಕೆಳಗೆ ಗುಮ್ಮಟದಂಥ ದೊಡ್ಡ ರಚನೆ ಕಂಡಿತು. 1974ರಲ್ಲಿ ‘ಸಾಗರ್ ಸಮ್ರಾಟ್’ ಅಲ್ಲಿ ಕೊರೆದಾಗ ತೈಲ ಸಿಕ್ಕಿತು. 1976ರಲ್ಲಿ ಉತ್ಪಾದನೆ ಶುರುವಾಯಿತು. ಅದೇ ಮುಂಬೈ ಹೈ. ಇಲ್ಲಿ ಮಕ್ಕಳಿಗೆ ಒಂದು ಮಾತು ಸ್ಪಷ್ಟ ಮಾಡಬೇಕು: ತರಂಗ ತೋರಿಸಿದ್ದು ತೈಲವನ್ನಲ್ಲ, ತೈಲ ನಿಲ್ಲಬಹುದಾದ ಆಕಾರವನ್ನು. ಇದೆಯೋ ಇಲ್ಲವೋ ಎಂಬುದು ಕೊರೆದ ಮೇಲೆಯೇ ಗೊತ್ತು.

ಬಿದರ, ಜಹೀರಾಬಾದ್ ಸುತ್ತ ಕೆಂಪು ಮುರುಮಿನ ಕೆಳಗೆ ನಮಗೆ ಸಿಗುವ ಕರಿಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ. 1993ರ ಭೂಕಂಪದ ನಂತರ ಕಿಲ್ಲಾರಿಯಲ್ಲಿ ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆ, ಎನ್‌ಜಿಆರ್‌ಐ, ಕೊರೆದು ನೋಡಿದಾಗ ಈ ಕಲ್ಲು ಸುಮಾರು 340 ಮೀಟರ್ ದಪ್ಪವಿತ್ತು. ಇದೇ ಲಾವಾ ಪಶ್ಚಿಮ ಕರಾವಳಿ ದಾಟಿ ಸಮುದ್ರದ ಕೆಳಗೂ ಹಬ್ಬಿದೆ. ಅದರಲ್ಲಿ ತರಂಗದ ವೇಗ ಸೆಕೆಂಡಿಗೆ ಸುಮಾರು 5000 ಮೀಟರ್. ಮೇಲಿನ ಮೆದು ಪದರಕ್ಕೂ ಇದಕ್ಕೂ ಇಷ್ಟು ಅಂತರ ಇರುವುದರಿಂದ ಶಬ್ದದ ಒಂದು ದೊಡ್ಡ ಪಾಲು ಅಲ್ಲೇ ಹಿಂದಿರುಗುತ್ತದೆ. ಕೆಳಗೇನಿದೆ ಎಂದು ನೋಡುವುದು ಕಷ್ಟ. ಅದಕ್ಕೆ ಇನ್ನೂ ಉದ್ದದ ಕೇಬಲ್, ಇನ್ನೂ ಕಡಿಮೆ ಆವೃತ್ತಿಯ ಶಬ್ದ ಬೇಕಾಗುತ್ತದೆ.

ಬೋರ್ ಜಾಗ ನೋಡಲು ಹೊಲಕ್ಕೆ ಯಂತ್ರ ತರುವವರು ಸಾಮಾನ್ಯವಾಗಿ ಅಳೆಯುವುದು ನೆಲದ ವಿದ್ಯುತ್ ರೋಧವನ್ನು, ಶಬ್ದವನ್ನಲ್ಲ. ಎರಡನ್ನೂ ಮಕ್ಕಳು ಕಲಸಿಕೊಳ್ಳದಂತೆ ನೋಡಿಕೊಳ್ಳಿ.

ಏರ್‌ಗನ್ ಬಂದ ಮೇಲೂ ತೊಂದರೆ ಮುಗಿದಿಲ್ಲ. ತಿಮಿಂಗಿಲಗಳು ಒಂದನ್ನೊಂದು ಕರೆಯುವುದು ಇದೇ ಕಡಿಮೆ ಆವೃತ್ತಿಯಲ್ಲಿ. ಆದ್ದರಿಂದ ಹಲವು ಕಡೆ ಮೊದಲು ಸಣ್ಣ ಶಬ್ದದಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ, ಪ್ರಾಣಿಗಳು ದೂರ ಹೋಗಲಿ ಅಂತ. ತಿಮಿಂಗಿಲ ಹತ್ತಿರ ಕಂಡರೆ ನಿಲ್ಲಿಸುವ ನಿಯಮವೂ ಇದೆ.

ಮೈದಾನದಲ್ಲಿ ಮಾಡಿ

ಸುಣ್ಣದ ಪುಡಿಯಿಂದ 3 ಮೀಟರ್ ಗೆರೆ ಎಳೆಯಿರಿ. ಅದು ಸಮುದ್ರದ ಮೇಲ್ಮೈ. ಅದಕ್ಕೆ ಸಮಾಂತರವಾಗಿ 2 ಮೀಟರ್ ಆಚೆ ಇನ್ನೊಂದು ಗೆರೆ, ಅದು ಪದರ. ಒಂದು ಮೀಟರ್ ಎಂದರೆ ಒಂದು ಕಿಲೋಮೀಟರ್. ಮೊದಲ ಗೆರೆಯ ಒಂದು ತುದಿಯಿಂದ ಪದರದ ನಡುಬಿಂದುವಿಗೆ, ಅಲ್ಲಿಂದ ಮತ್ತೊಂದು ತುದಿಗೆ ದಾರ ಹಿಡಿಸಿ ಅಳೆಸಿ. 5 ಮೀಟರ್ ಬರುತ್ತದೆ. ನೇರವಾಗಿ ಹೋಗಿ ಬಂದರೆ 4 ಮೀಟರ್. ಉಳಿದ ಲೆಕ್ಕ ಅವರೇ ಮಾಡುತ್ತಾರೆ.

ಈ ವರ್ಷ ಇದನ್ನು ಮಾಡಿಸಿದಾಗ ಆ ಹುಡುಗ ಹತ್ತನೇ ತರಗತಿಗೆ ಹೋಗಿದ್ದ. ಅವನನ್ನೂ ಕರೆದು ದಾರದ ಒಂದು ತುದಿ ಹಿಡಿಸಿದೆ. ಲೆಕ್ಕ ಮುಗಿದ ಮೇಲೆ ಅವನು ಕೇಳಿದ್ದು: “ಪದರ ಓರೆ ಇದ್ರ ಹೆಂಗ್ರಿ ಸರ್?” ಈ ಸಲ “ಸದ್ಯ ಅಷ್ಟೇ ಹಿಡಿ” ಅನ್ನಲಿಲ್ಲ. ಪದರದ ಗೆರೆ ಅಳಿಸಿ ಓರೆಯಾಗಿ ಎಳೆಯಲು ಸುಣ್ಣದ ಪುಡಿ ಅವನ ಕೈಗೇ ಕೊಟ್ಟೆ.