ಶಿರಾಡಿಯ ಮರಗಳನ್ನು ನಿಂತು ನೋಡಲು ಪಿಲಿಕುಳ

ಹಾಸನದ ಬಳಿಯ ನಮ್ಮ ಶಾಂತಿಗ್ರಾಮದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಹಾಸನ, ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರುತ್ತದೆ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಹೋಗುವಾಗ ಘಾಟಿಯ ಕಾಡನ್ನು ಬಸ್ಸಿನ ಕಿಟಕಿಯಿಂದ ಕಂಡವರೇ ನಾವೆಲ್ಲ. ಅಲ್ಲಿನ ನಾಲ್ಕು ಮರದ ಹೆಸರು ಹೇಳಿ ಎಂದರೆ ಮಾತ್ರ ತಡವರಿಸುತ್ತೇವೆ. ಆ ಮರಗಳನ್ನು ಬುಡದಲ್ಲಿ ನಿಂತು, ತೊಗಟೆ ಮುಟ್ಟಿ ನೋಡಬೇಕೆಂದರೆ ಮಂಗಳೂರಿನ ಅಂಚಿಗಿರುವ ಮೂಡುಶೆಡ್ಡೆಯ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ಪಶ್ಚಿಮ ಘಟ್ಟದ ಮರಗಳನ್ನು ಒಂದೆಡೆ ಬೆಳೆಸಿರುವ ಅರ್ಬೊರೇಟಮ್ ಅಲ್ಲಿದೆ.

ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿ.ಮೀ. ಬಸ್ಸಿಗೆ ಕೊರತೆಯಿಲ್ಲ, ಘಾಟಿ ಇಳಿಯುವ ರೈಲೂ ಇದೆ. ಸ್ವಂತ ವಾಹನದವರು ನಂತೂರಿನಲ್ಲಿ ಮೂಡುಬಿದಿರೆ ರಸ್ತೆ ಹಿಡಿದು, ಕುಲಶೇಖರ, ಕುಡುಪು ದಾಟಿ ವಾಮಂಜೂರಿನಲ್ಲಿ ಮೂಡುಶೆಡ್ಡೆಯ ಕಡೆ ತಿರುಗಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು, ಜುಲೈ–ಆಗಸ್ಟ್‌ನಲ್ಲಾದರೆ ವಿಚಾರಿಸಿಕೊಂಡೇ ಹೊರಡಿ. ನವೆಂಬರಿನಿಂದ ಫೆಬ್ರವರಿವರೆಗಿನ ದಿನಗಳು ನಮ್ಮ ಬಯಲುಸೀಮೆಯ ಮೈಗೆ ಹಿತ. ಆಮೇಲಿನ ಕರಾವಳಿ ಸೆಕೆಯಲ್ಲಿ ಮಧ್ಯಾಹ್ನ ನಡೆದಾಡುವುದು ಕಷ್ಟ.

ನಿಸರ್ಗಧಾಮ ದೊಡ್ಡದು, ಸುಮಾರು 370 ಎಕರೆ. ಮೃಗಾಲಯ, ಕೆರೆ, ತುಳುನಾಡಿನ ಹಳೆಯ ಮಾದರಿಯ ಗುತ್ತಿನ ಮನೆ, ವಿಜ್ಞಾನ ಕೇಂದ್ರ, ತಾರಾಲಯ ಎಲ್ಲವೂ ಇವೆ. ಮಕ್ಕಳು ಹುಲಿಯ ಕಡೆಗೇ ಎಳೆಯುತ್ತಾರೆ. ಆದರೂ ಬೆಳಗಿನ ತಂಪು ಹೊತ್ತನ್ನು ಮರಗಳಿಗೇ ಮೀಸಲಿಡಿ ಎಂಬುದು ನನ್ನ ಕೋರಿಕೆ.

ಮೊದಲು ಧೂಪವನ್ನು ಹುಡುಕಿ. ಸಾಲುಮರವಾಗಿಯೂ ನೆಡುತ್ತಿದ್ದ ಮರವಿದು, ಬೇಸಗೆ ಕಾಲಿಡುವ ಹೊತ್ತಿಗೆ ಬಿಳಿ ಹೂವಿನ ಪರಿಮಳ ಬೀರುತ್ತದೆ, ಇದರ ಅಂಟು ಹೊಗೆ ಹಾಕುವ ಧೂಪವಾಗುತ್ತದೆ. ಉಪ್ಪಾಗೆಯ ಒಣಸಿಪ್ಪೆ ಮೀನು ಸಾರಿಗೆ ಹುಳಿ, ಅದರ ಬೀಜದಿಂದ ಮಲೆನಾಡಿನವರು ತುಪ್ಪ ತೆಗೆಯುತ್ತಾರೆ. ಅದರ ಹತ್ತಿರದ ಸಂಬಂಧಿ ಪುನರ್ಪುಳಿ, ಅಂದರೆ ಮುರುಗಲು. ರಾಮಪತ್ರೆ, ಹೆಬ್ಬಲಸು, ನಾಗಸಂಪಿಗೆ, ಕಿರಾಲ್‌ಬೋಗಿಗಳನ್ನೂ ಬಿಡಬೇಡಿ. ಕಿರಾಲ್‌ಬೋಗಿಯ ಕಾಯಿಗೆ ಎರಡು ರೆಕ್ಕೆಗಳಿವೆ, ಗಾಳಿಗೆ ತಿರುಗುತ್ತ ಇಳಿಯುತ್ತದೆ.

ಈ ತೋಟ ಯಾಕೆ ಬೇಕು ಎನ್ನುವುದು ಬೀಜದಿಂದಲೇ ತಿಳಿಯುತ್ತದೆ. ರಾಗಿಯನ್ನು ಹಗೇವಿಗೆ ಹಾಕಿ ವರ್ಷಗಟ್ಟಲೆ ಇಟ್ಟಂತೆ ಧೂಪದ ಬೀಜವನ್ನೋ ರಾಮಪತ್ರೆಯ ಬೀಜವನ್ನೋ ಕೂಡಿಡಲಾಗದು. ಉದುರಿದ ಕೆಲವೇ ವಾರಗಳಲ್ಲಿ ಅವು ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಅಂಥ ಜಾತಿಗಳನ್ನು ಕಾಡಿನ ಹೊರಗೆ ಉಳಿಸಬೇಕಾದರೆ ಮರವಾಗಿಯೇ ಬೆಳೆಸಬೇಕು. ಹಾಗಾಗಿ ನೆಲಕ್ಕೆ ಬಿದ್ದ ಬೀಜವನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಚಿಗುರು ಮುರಿಯಬೇಡಿ. ಎಲೆ, ತೊಗಟೆ, ನಾಮಫಲಕ ಮೂರನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಮನೆಯಲ್ಲಿ ಮತ್ತೆ ಗುರುತಿಸಲು ಅನುಕೂಲ.

ಮುರಕಲ್ಲಿನ ಗುಡ್ಡದಲ್ಲಿ ಹತ್ತಿ ಇಳಿಯುವುದಿರುವುದರಿಂದ ಗಟ್ಟಿ ಚಪ್ಪಲಿ ಹಾಕಿ, ನೀರು ಒಯ್ಯಿರಿ. ವಯಸ್ಸಾದವರು ಜೊತೆಗಿದ್ದರೆ ಹಿಂದಿನ ಸಂಜೆಯೇ ಮಂಗಳೂರು ತಲುಪಿ ತಂಗುವುದು ಒಳ್ಳೆಯದು. ಸೋಮವಾರ ಮೃಗಾಲಯಕ್ಕೆ ರಜೆ, ಮಕ್ಕಳಿದ್ದರೆ ಆ ದಿನ ತಪ್ಪಿಸಿ.