ವಾಡೆಯ ಮದುವೆ, ಡಾಲ್ಬಿಯ ಲೆಕ್ಕ

ಇಂಡಿ, ಸಿಂದಗಿ, ಆಲಮೇಲ ಭಾಗದ ಮದುವೆಗಳಲ್ಲಿ ಧ್ವನಿವರ್ಧಕದ ಪೆಟ್ಟಿಗೆಗಳನ್ನು ಪೇರಿಸಿ ಹಾಡು ಹಚ್ಚುವ ವ್ಯವಸ್ಥೆಗೆ ಡಿಜೆ ಎನ್ನುವಂತೆ ಡಾಲ್ಬಿ ಎನ್ನುವುದೂ ರೂಢಿ. ಧ್ವನಿಮುದ್ರಣದಲ್ಲಿನ ಬೇಡದ ಸಪ್ಪಳವನ್ನು ತಗ್ಗಿಸುವ ತಂತ್ರದಿಂದ ಹೆಸರಾದ, 1965ರಲ್ಲಿ ಆರಂಭವಾದ ಕಂಪನಿಯ ಹೆಸರು ಊರಿನ ಅತಿ ದೊಡ್ಡ ಸಪ್ಪಳಕ್ಕೆ ಅಂಟಿಕೊಂಡಿರುವುದು ವಿನೋದವೇ ಸರಿ. ಈ ವೃತ್ತಿಯಲ್ಲಿ ದರ ಕುದುರುವುದು ಪೆಟ್ಟಿಗೆಗಳ ಎಣಿಕೆಯ ಮೇಲೆ: ತಗ್ಗಿನ ಧ್ವನಿ ಹೊರಡಿಸುವ ಬೇಸ್ ಎಷ್ಟು, ಏರುಧ್ವನಿಯ ಟಾಪ್ ಎಷ್ಟು ಎಂಬುದು ತಿಳಿದರೆ ಮಾತು ಮುಗಿಯಿತು. ಬಯಲಿನ ಹಂದರಕ್ಕೆ ಸರಿಹೋಗುವ ಈ ಪದ್ಧತಿ, ಮದುವೆಯು ಹಳೆಯ ಕಟ್ಟಡವೊಂದಕ್ಕೆ ಹೋದ ದಿನ ವೃತ್ತಿಯವನ ಕೈ ಸುಡುತ್ತದೆ.

ಆದಿಲ್‌ಶಾಹಿ ಕಟ್ಟಡಗಳ ಈ ಜಿಲ್ಲೆಯಲ್ಲಿ ಹಳೆಯ ಕಟ್ಟಡವೆಂದರೆ ಎಲ್ಲವೂ ಒಂದೇ ಅಲ್ಲ. ಗೋಳಗುಮ್ಮಟ, ಇಬ್ರಾಹಿಂ ರೋಜಾದಂಥ ಕೇಂದ್ರ ಸಂರಕ್ಷಿತ ಸ್ಮಾರಕಗಳು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಒಳಪಟ್ಟಿದ್ದು, 1959ರ ನಿಯಮಗಳ ಪ್ರಕಾರ ಅಲ್ಲಿ ಸತ್ಕಾರಕೂಟ, ಮನರಂಜನೆ ನಡೆಸಲು ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕಾಗುವುದರಿಂದ, ಸಾಮಾನ್ಯ ಮದುವೆಯ ಮಾತು ಅಲ್ಲಿ ಬರುವುದಿಲ್ಲ. ಮದುವೆಗೆ ದೊರೆಯುವುದು ಖಾಸಗಿ ಒಡೆತನದ ವಾಡೆ, ಅಂದರೆ ದೇಸಾಯಿ, ಗೌಡ ಮನೆತನಗಳು ಕಟ್ಟಿಸಿದ, ದಪ್ಪ ಕಲ್ಲುಗೋಡೆಯ ನಡುವೆ ತೆರೆದ ಅಂಗಳವಿರುವ ದೊಡ್ಡ ಮನೆ.

ಈ ಅಂಕಣದ ಲೇಖಕ ಆಲಮೇಲದಲ್ಲಿ ಇದೇ ವೃತ್ತಿಯವನಾಗಿದ್ದು, ಅಂಥ ವಾಡೆಯೊಂದರ ಮದುವೆಯನ್ನು 30,000 ರೂಪಾಯಿಗೆ ಒಪ್ಪಿಕೊಂಡದ್ದು ಜಾಗವನ್ನು ನೋಡದೆ, ಪೆಟ್ಟಿಗೆಗಳ ಎಣಿಕೆಯ ಮೇಲೆಯೇ. ಕಲ್ಲುಗೋಡೆ ಧ್ವನಿಯನ್ನು ಹೀರದೆ ಹಿಂದಕ್ಕೆ ಎಸೆಯುತ್ತದೆ. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಚಪ್ಪಾಳೆ ಹೊಡೆದು ನೋಡಿದ ಯಾವ ಮಗುವಿಗೂ ಇದು ತಿಳಿದಿದೆ. ಮೂಲ ಧ್ವನಿ ಮತ್ತು ಮರಳಿ ಬರುವ ಧ್ವನಿ ಒಂದರ ಮೇಲೊಂದು ಬಿದ್ದಾಗ ಹಾಡಿನ ಮಾತು ಕಲಸಿಹೋಗುತ್ತದೆ, ಸದ್ದು ಏರಿಸಿದಷ್ಟೂ ಇನ್ನಷ್ಟು ಕಲಸುತ್ತದೆ. ಇದಕ್ಕೆ ಪರಿಹಾರವೆಂದರೆ ದೊಡ್ಡ ಪೆಟ್ಟಿಗೆಗಳನ್ನು ಒಂದೆಡೆ ಪೇರಿಸುವ ಬದಲು ಸಣ್ಣವನ್ನು ಅಂಗಳದ ಸುತ್ತ ಹಂಚಿ, ಕಡಿಮೆ ಸದ್ದಿನಲ್ಲಿ ನುಡಿಸುವುದು. ಆದರೆ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹಳೆಯ ವಿದ್ಯುತ್ ತಂತಿಗೆ ಭಾರ ಕೊಡುವಂತಿಲ್ಲ, ಆದ್ದರಿಂದ ಕೇಬಲ್, ಸ್ಟ್ಯಾಂಡ್, ಜನರೇಟರ್ ಎಲ್ಲವೂ ಹೊರಗಿನಿಂದಲೇ ಬರಬೇಕು.

ಸಮಯದ ವೆಚ್ಚ ಇನ್ನೊಂದು. ಶಬ್ದ ಮಾಲಿನ್ಯ ನಿಯಂತ್ರಣದ 2000ರ ನಿಯಮಗಳು ಧ್ವನಿವರ್ಧಕಕ್ಕೆ ಲಿಖಿತ ಅನುಮತಿಯನ್ನು ಕಡ್ಡಾಯಗೊಳಿಸಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದರ ಬಳಕೆಯನ್ನು ನಿಷೇಧಿಸುತ್ತವೆ. ಮುಚ್ಚಿದ ಸಭಾಂಗಣಕ್ಕಿರುವ ವಿನಾಯಿತಿ ತೆರೆದ ಅಂಗಳಕ್ಕೆ ದಕ್ಕುವುದಿಲ್ಲ. ಮೆರವಣಿಗೆ ತಡವಾಗಿ, ಕುಣಿತ ಒಂಬತ್ತಕ್ಕೆ ಆರಂಭವಾದ ಆ ರಾತ್ರಿ ಹತ್ತಕ್ಕೆ ಹಾಡು ನಿಂತಾಗ ಬೀಗರ ಕಡೆಯವರು 5,000 ರೂಪಾಯಿ ಮುರಿದುಕೊಂಡರು. ತಡವಾದದ್ದು ಯಾರಿಂದ ಎಂಬುದನ್ನು ಕರಾರಿನಲ್ಲಿ ಬರೆದಿರಲಿಲ್ಲವಾದ್ದರಿಂದ, ಅವರ ಮಾತನ್ನು ತಪ್ಪೆನ್ನಲೂ ಆಗಲಿಲ್ಲ.

ಕೈಗೆ ಬಂದದ್ದು 25,000. ವಾಹನಕ್ಕೆ 4,500, ನಾಲ್ವರು ಹುಡುಗರ ಕೂಲಿ 3,200, ಡೀಸೆಲ್ ಸಹಿತ ಜನರೇಟರಿಗೆ 6,000, ಹೆಚ್ಚುವರಿ ಕೇಬಲ್ಲಿಗೆ 1,800, ಪೆಟ್ಟಿಗೆ ತಾಗಿ ಕೆತ್ತನೆಯ ಕಂಬದ ಗಾರೆ ಉದುರಿದ್ದಕ್ಕೆ ಠೇವಣಿಯಲ್ಲಿ ಹಿಡಿದುಕೊಂಡದ್ದು 2,000, ಒಟ್ಟು 17,500 ಕಳೆದರೆ 7,500 ಉಳಿಯುತ್ತದೆ. ಈ ವೃತ್ತಿಯವರು ಸಾಮಾನ್ಯವಾಗಿ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಲೇಖಕನೂ ಬಹುಕಾಲ ನಿಲ್ಲಿಸಿದ್ದ. ಉಳಿದಿರುವುದು ಸವಕಳಿ, ಅಂದರೆ ಬಳಕೆಯಿಂದ ಸಾಮಗ್ರಿ ಕಳೆದುಕೊಳ್ಳುವ ಬೆಲೆ: 4,80,000 ರೂಪಾಯಿಯ ಸಾಮಗ್ರಿ ವರ್ಷಕ್ಕೆ 40 ಕೆಲಸದಂತೆ ಐದು ವರ್ಷ ಬಾಳಿದರೆ ಪ್ರತಿ ಕೆಲಸದ ಪಾಲು 2,400. ಬಾಕಿ ಇರುವ 2,00,000 ಸಾಲದ ಮೇಲೆ ಶೇ 12ರ ಬಡ್ಡಿಯಲ್ಲಿ ಒಂದು ಕೆಲಸದ ಪಾಲು 600. ಕೊನೆಗೆ ಉಳಿದದ್ದು 4,500, ಅದೂ ಸಾಮಾನು ಹೇರುವುದು, ಮದುವೆ, ಮರಳಿ ಬಂದು ರಿಪೇರಿ ಎಂದು ಮೂರು ದಿನದ ದುಡಿಮೆಗೆ.

ಒಂದು ವೆಚ್ಚ ಮಾತ್ರ ಇಲ್ಲಿ ಬರಬೇಕಿಲ್ಲ. ಹಾಡಿನ ಹಕ್ಕುಸ್ವಾಮ್ಯದ ಪರವಾನಗಿಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಮದುವೆಯ ಮೆರವಣಿಗೆಗೂ ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳಿಗೂ ವಿನಾಯಿತಿ ನೀಡಿರುವುದನ್ನು, ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಅದನ್ನೇ ಪ್ರಕಟಣೆಯ ಮೂಲಕ ಸ್ಪಷ್ಟಪಡಿಸಿರುವುದನ್ನು ತೋರಿಸಬಹುದು.

ಹಳೆಯ ಕಟ್ಟಡದ ಕೆಲಸ ಬಿಡಬೇಕಾದುದಲ್ಲ, ಬೇರೆ ದರದಲ್ಲಿ ಹಿಡಿಯಬೇಕಾದುದು. ಸಂಚಕಾರ, ಅಂದರೆ ಮುಂಗಡ, ಪಡೆಯುವ ಮೊದಲೇ ಜಾಗ ನೋಡಿ, ಜನರೇಟರ್ ಮತ್ತು ಠೇವಣಿ ಯಾರ ಪಾಲು, ಮೆರವಣಿಗೆ ತಡವಾದರೆ ಹಣ ಮುರಿಯುವಂತಿಲ್ಲ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆಯ ಸಹಿ ಹಾಕಿಸಿಕೊಳ್ಳುವುದು ಲೇಖಕನ ಈಗಿನ ಪದ್ಧತಿ. ಹೀಗೆ ಲೆಕ್ಕ ಹಾಕಿ ಅದೇ ವಾಡೆಯ ಮುಂದಿನ ಮದುವೆಗೆ ಹೇಳಿದ ದರ 38,000 ರೂಪಾಯಿ. ಆ ಮನೆಯವರು ಸನಾದಿಯವರನ್ನು ಕರೆಸಿಕೊಂಡರು.